ಅಂಗಡಿ ಮೂಲೆಯ ಲೈಬ್ರರಿ: ಪೀಟರ್‌ಬರೋ ಪ್ರಕರಣ

ಮನೆ ಕಂದಾಯದ ರಸೀದಿಯನ್ನು ಯಾರೂ ಪೂರ್ತಿ ಓದುವುದಿಲ್ಲ. ಕೊನೆಯಲ್ಲಿ ಒಟ್ಟು ಎಷ್ಟು ಅಂತ ನೋಡುತ್ತೇವೆ, ಮಡಚಿ ಫೈಲಿಗೆ ಸೇರಿಸುತ್ತೇವೆ. ಹೋದ ಸಲ ಕೌಂಟರಿನ ಮುಂದೆ ಚಿಲ್ಲರೆಗೆ ಕಾಯುತ್ತಾ ನಿಂತಿದ್ದಾಗ ನಾನು ಸುಮ್ನೆ ಮೇಲಿಂದ ಕೆಳಗೆ ಓದಿದೆ. ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ. ಹಿಂದೆ ನಿಂತಿದ್ದ ಹಿರಿಯರೊಬ್ಬರು ಇಣುಕಿ ನೋಡಿದರು. "ಲೈಬ್ರರಿಗೂ ಕಟ್ಟಿಸ್ಕೋತಾರಾ ಸಾರ್? ನಾನಂತೂ ಒಂದಿನಾನೂ ಆ ಕಡೆ ಹೋಗಿಲ್ಲ" ಅಂದರು.

ಕಟ್ಟಿಸಿಕೊಳ್ಳುತ್ತಾರೆ. ಕರ್ನಾಟಕದಲ್ಲಿ ನೂರು ರೂಪಾಯಿ ಆಸ್ತಿ ತೆರಿಗೆ ಕಟ್ಟಿದರೆ ಅದರ ಮೇಲೆ ಆರು ರೂಪಾಯಿ ಗ್ರಂಥಾಲಯ ಕರ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದ ಬಾಬ್ತು ಇದು. ಆದರೆ ಆ ಹಿರಿಯರ ಪ್ರಶ್ನೆ ಕಾಯ್ದೆಯದ್ದಲ್ಲ. ಲೈಬ್ರರಿಗೆ ಹೋಗದವನು ಯಾಕೆ ದುಡ್ಡು ಕೊಡಬೇಕು ಅನ್ನುವುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ, ಅಲ್ವಾ? ಇದಕ್ಕೆ ಒಂದು ಸಣ್ಣ ಊರಿನ ಜನ 1833ರಲ್ಲೇ ಕೈ ಎತ್ತಿ ಉತ್ತರ ಕೊಟ್ಟಿದ್ದರು. ಊರಿನ ಹೆಸರು ಪೀಟರ್‌ಬರೋ. ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿದೆ. ತೆರಿಗೆ ಹಣದಲ್ಲಿ ನಡೆಯುವ, ಎಲ್ಲರಿಗೂ ಉಚಿತವಾದ ಸಾರ್ವಜನಿಕ ಲೈಬ್ರರಿಗಳಲ್ಲಿ ಜಗತ್ತಿಗೇ ಹಳೆಯದು ತನ್ನದು ಅಂತ ಆ ಊರು ಹೇಳಿಕೊಳ್ಳುತ್ತದೆ.

"ಜಗತ್ತಿಗೇ ಮೊದಲು" ಅಂತ ಹೇಳಿಕೊಳ್ಳುವ ಊರುಗಳು ಎಲ್ಲ ಕಡೆ ಇವೆ. ಆ ಜಂಭಕ್ಕೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ನನ್ನ ಕುತೂಹಲ ಬೇರೆ. ಪೀಟರ್‌ಬರೋ ಲೈಬ್ರರಿಗೆ ಬಳಸಿದ್ದು ರಾಜ್ಯ ಊರುಗಳಿಗೆ ಹಂಚಿದ ಹಣ. ಅಕ್ಕಪಕ್ಕದ ಊರುಗಳ ಕೈಗೂ ಅದೇ ಹಣ ಅದೇ ಕಾಯ್ದೆಯಡಿ ಬಂದಿತ್ತು. ಲೈಬ್ರರಿ ಮಾಡಿದ್ದು ಮಾತ್ರ ಪೀಟರ್‌ಬರೋ. ಯಾಕೆ?

ಊರು

ಪೀಟರ್‌ಬರೋದಲ್ಲಿ ಜನ ನೆಲೆ ನಿಂತದ್ದು 1749ರಲ್ಲಿ. ಅಧಿಕೃತವಾಗಿ ಊರು ಅನ್ನಿಸಿಕೊಂಡದ್ದು 1760ರಲ್ಲಿ. ಮೊದಲು ಬಂದವರು ಹೆಚ್ಚಾಗಿ ಐರ್ಲೆಂಡಿನಿಂದ ಬಂದ ಸ್ಕಾಟಿಷ್ ಮೂಲದವರು. ಕಾಂಟೂಕುಕ್ ಅನ್ನುವ ನದಿ ಊರಿನ ನಡುವೆ ಹರಿಯುತ್ತದೆ. ಪಕ್ಕದಲ್ಲಿ ಮೊನಾಡ್ನಾಕ್ ಬೆಟ್ಟ. ನದಿಯ ನೀರಿನ ಬಲ ಇದ್ದದ್ದರಿಂದ 1800ರ ನಂತರದ ವರ್ಷಗಳಲ್ಲಿ ಇಲ್ಲಿ ಹತ್ತಿ ಗಿರಣಿಗಳು ಎದ್ದವು. 1830ರ ಸುಮಾರಿಗೆ ಊರಿನ ಜನಸಂಖ್ಯೆ 2,000ದ ಆಸುಪಾಸು. ನಮ್ಮ ಲೆಕ್ಕದಲ್ಲಿ ಒಂದು ದೊಡ್ಡ ಹಳ್ಳಿ. ಈಗಲೂ 6,400 ದಾಟಿ ಹೆಚ್ಚೇನೂ ಇಲ್ಲ.

ಆ ಭಾಗದ ಊರುಗಳ ಆಡಳಿತ ನಮ್ಮ ಗ್ರಾಮ ಸಭೆಯ ಹಾಗೆ, ಆದರೆ ಹಲ್ಲು ಇರುವ ಗ್ರಾಮ ಸಭೆ. ವರ್ಷಕ್ಕೊಮ್ಮೆ ಮತದಾರರೆಲ್ಲ ಸೇರುತ್ತಾರೆ. ಯಾವ ರಸ್ತೆಗೆ ಎಷ್ಟು, ಶಾಲೆಗೆ ಎಷ್ಟು ಅಂತ ಅಲ್ಲೇ ವಾದ, ಅಲ್ಲೇ ಮತ. ಯಾವ ವಿಷಯ ಬರುತ್ತದೆ ಅಂತ ಮೊದಲೇ ನೋಟಿಸು ಹಾಕಿರಬೇಕು. ಆಗ ಮತ ಹಾಕುತ್ತಿದ್ದವರು ಗಂಡಸರು ಮಾತ್ರ. "ಎಲ್ಲರಿಗೂ ಉಚಿತ" ಅನ್ನುವ ತೀರ್ಮಾನ ತೆಗೆದುಕೊಂಡದ್ದು ಅರ್ಧ ಊರು ಅನ್ನುವುದನ್ನೂ ನೆನಪಿಡಬೇಕು.

ಕಾಲೇಜಿಗೆ ಅಂತ ಎತ್ತಿಟ್ಟ ದುಡ್ಡು

ಈ ಲೈಬ್ರರಿಯ ಹಣದ ಕಥೆ ಒಂದು ಕೋರ್ಟು ಕೇಸಿನಿಂದ ಶುರುವಾಗುತ್ತದೆ. ನ್ಯೂ ಹ್ಯಾಂಪ್‌ಶೈರಿನಲ್ಲಿ ಡಾರ್ಟ್‌ಮತ್ ಅನ್ನುವ ಖಾಸಗಿ ಕಾಲೇಜು ಇತ್ತು, ಈಗಲೂ ಇದೆ. 1816ರಲ್ಲಿ ರಾಜ್ಯದ ಶಾಸನಸಭೆ ಅದನ್ನು ಸರ್ಕಾರಿ ವಿಶ್ವವಿದ್ಯಾಲಯ ಮಾಡಲು ಹೊರಟಿತು. ಕಾಲೇಜಿನವರು ಒಪ್ಪಲಿಲ್ಲ. ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. ಕಾಲೇಜಿನ ಪರ ವಾದಿಸಿದವರು ಅಲ್ಲಿಯೇ ಓದಿದ ವಕೀಲ ಡೇನಿಯಲ್ ವೆಬ್‌ಸ್ಟರ್. 1819ರಲ್ಲಿ ತೀರ್ಪು ಬಂತು, ರಾಜ್ಯ ಸೋತಿತು.

ಸೋತ ರಾಜ್ಯ ಸುಮ್ಮನಿರಲಿಲ್ಲ. ನಮ್ಮದೇ ಕಾಲೇಜು ಕಟ್ಟುತ್ತೇವೆ ಅಂತ 1821ರಲ್ಲಿ ಬ್ಯಾಂಕುಗಳ ಬಂಡವಾಳದ ಮೇಲೆ ಅರ್ಧ ಪರ್ಸೆಂಟ್ ತೆರಿಗೆ ಹಾಕಿತು. ಆ ಹಣಕ್ಕೆ "ಲಿಟರರಿ ಫಂಡ್" ಅಂತ ಹೆಸರಿಟ್ಟಿತು. ವರ್ಷಗಳು ಕಳೆದವು, ಹಣ ಸೇರಿತು, ಕಾಲೇಜು ಮಾತ್ರ ಏಳಲಿಲ್ಲ. ಕೊನೆಗೆ 1828ರಲ್ಲಿ ಆಸೆ ಕೈಬಿಟ್ಟು, ಹಣವನ್ನು ಊರುಗಳಿಗೆ ಹಂಚುವ ಕಾಯ್ದೆ ಮಾಡಿದರು. ಉಚಿತ ಶಾಲೆಗಳಿಗೆ ಬಳಸಿ, ಇಲ್ಲವೇ ಶಿಕ್ಷಣದ ಬೇರೆ ಕೆಲಸಗಳಿಗೆ ಬಳಸಿ ಅಂದರು.

ಈ "ಬೇರೆ ಕೆಲಸಗಳಿಗೆ" ಅನ್ನುವ ಮಾತಿನಲ್ಲಿ ಒಂದು ಕಿಂಡಿ ಇತ್ತು. ಶಾಲೆಗೆ ಯಾವಾಗಲೂ ಹಣ ಸಾಲದು, ಹಾಗಾಗಿ ಬಂದ ಪಾಲು ಶಾಲೆಗೇ ಹೋಗುವುದು ಸಹಜ. ಆ ಕಿಂಡಿಯಲ್ಲಿ ಕೈ ಹಾಕಿದವರು ಒಬ್ಬ ವಯಸ್ಸಾದ ಪಾದ್ರಿ.

ಪಾದ್ರಿ ಅಬಟ್

ಏಬಿಯಲ್ ಅಬಟ್ ಹುಟ್ಟಿದ್ದು 1765ರಲ್ಲಿ. ಪೀಟರ್‌ಬರೋಗೆ ಬಂದಾಗ 1827, ಅರವತ್ತು ದಾಟಿತ್ತು. ಆ ಹೊತ್ತಿಗೆ ಅವರು ಒಂದು ದೊಡ್ಡ ಪೆಟ್ಟು ತಿಂದಿದ್ದರು. ಕನೆಕ್ಟಿಕಟ್ ರಾಜ್ಯದ ಕೊವೆಂಟ್ರಿ ಅನ್ನುವ ಊರಲ್ಲಿ ಹದಿನೈದು ವರ್ಷಕ್ಕೂ ಹೆಚ್ಚು ಪಾದ್ರಿಯಾಗಿದ್ದವರು. ದೇವರು ಒಬ್ಬನೇ, ತಂದೆ-ಮಗ-ಪವಿತ್ರಾತ್ಮ ಅನ್ನುವ ಮೂರರ ಲೆಕ್ಕ ತನಗೆ ಒಪ್ಪಿಗೆಯಿಲ್ಲ ಅನ್ನುವ ಕಡೆಗೆ ಅವರ ವಿಚಾರ ಹೊರಳಿತು. 1811ರಲ್ಲಿ ಸುತ್ತಲಿನ ಪಾದ್ರಿಗಳ ಮಂಡಳಿ ಅವರನ್ನು ಕೆಲಸದಿಂದ ಇಳಿಸಿತು. ಆಮೇಲೆ ಎಂಟು ವರ್ಷ ಮ್ಯಾಸಚೂಸೆಟ್ಸ್‌ನ ಡಮ್ಮರ್ ಅಕಾಡೆಮಿಯಲ್ಲಿ ಹೆಡ್‌ಮಾಸ್ತರಿಕೆ. ಆಮೇಲೆ ಬೇಸಾಯ. ಕೊನೆಗೆ ದೇವರು ಒಬ್ಬನೇ ಅನ್ನುವ ಅದೇ ವಿಚಾರದ, ಪೀಟರ್‌ಬರೋದ ಯೂನಿಟೇರಿಯನ್ ಚರ್ಚು ಕರೆಯಿತು.

ಬಂದವರೇ ಮಕ್ಕಳಿಗೆ ಒಂದು ಪುಟ್ಟ ಪುಸ್ತಕ ಭಂಡಾರ ಮಾಡಿದರು. ಚಂದಾ ಲೈಬ್ರರಿಯ ವಿಚಾರದಲ್ಲೂ ಕೈಯಾಡಿಸಿದರು. ಈ ಚಂದಾ ಲೈಬ್ರರಿ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಗ ಲೈಬ್ರರಿ ಅಂದರೆ ಹೆಚ್ಚಾಗಿ ಅದೇ ಆಗಿತ್ತು.

1731ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಫಿಲಡೆಲ್ಫಿಯಾದಲ್ಲಿ ಇದನ್ನು ಶುರು ಮಾಡಿದ್ದರು. 50 ಜನ ಸೇರಿದರು. ಒಬ್ಬೊಬ್ಬರೂ ಮೊದಲಿಗೆ 40 ಷಿಲಿಂಗ್, ಆಮೇಲೆ ವರ್ಷಕ್ಕೆ 10 ಷಿಲಿಂಗ್ ಹಾಕಿದರು. ಹಣ ಹಾಕಿದವರು ಓದಬಹುದು. ಒಂಥರಾ ಚೀಟಿ ವ್ಯವಹಾರ, ಬರುವುದು ದುಡ್ಡಲ್ಲ, ಪುಸ್ತಕ. ಈ ಮಾದರಿ ಊರೂರಿಗೆ ಹಬ್ಬಿತು. ಊರೂರಲ್ಲಿ ಸತ್ತಿತು ಕೂಡ. ಕಾರಣ ಏನೂ ನಿಗೂಢವಲ್ಲ. ಮೊದಲ ವರ್ಷ ಉತ್ಸಾಹ. ಇದ್ದ ಪುಸ್ತಕವನ್ನೆಲ್ಲ ಎಲ್ಲರೂ ಓದಿ ಮುಗಿಸುತ್ತಾರೆ. ಹೊಸದು ಬರಬೇಕಾದರೆ ಚಂದಾ ಬರಬೇಕು, ಚಂದಾ ಬರಬೇಕಾದರೆ ಹೊಸದು ಬರಬೇಕು. ಎರಡೂ ಬರುವುದಿಲ್ಲ.

ನಮ್ಮಲ್ಲಿ ಯುವಕ ಸಂಘದ ಲೈಬ್ರರಿ ಕಂಡವರಿಗೆ ಇದು ಗೊತ್ತು. ಉದ್ಘಾಟನೆಯ ದಿನ ಮಾವಿನ ತೋರಣ, ಮೈಕು, ನಾಲ್ಕು ಭಾಷಣ. ದಾನ ಬಂದ ಪುಸ್ತಕಗಳು ಒಂದು ಕಬ್ಬಿಣದ ಬೀರು ತುಂಬ. ಮೂರು ವರ್ಷ ಬಿಟ್ಟು ಹೋದರೆ ಬೀರು ಇದೆ, ಗಾಜಿನ ಹಿಂದೆ ಪುಸ್ತಕವೂ ಕಾಣುತ್ತದೆ, ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದೊಂದೇ ತಿಳಿಯದು. ಸಂಘದ ಹುಡುಗರು ಕೆಟ್ಟವರಲ್ಲ. ಒಬ್ಬ ಬೆಂಗಳೂರಿಗೆ ಕೆಲಸಕ್ಕೆ ಹೋದ, ಇನ್ನೊಬ್ಬನಿಗೆ ಮದುವೆ ಆಯ್ತು. ಅಷ್ಟೇ.

ಅಬಟ್ ಈ ಥರದ ಏರಿಳಿತವನ್ನು ಹತ್ತಿರದಿಂದ ಕಂಡವರು. ಪುಸ್ತಕ ಪ್ರೀತಿ ಇರುವವರು ಊರಲ್ಲಿ ಸದಾ ಇರುತ್ತಾರೆ, ಆದರೆ ಅವರ ಜೇಬು ಮತ್ತು ಬಿಡುವು ಎರಡೂ ನಂಬಲು ಬರುವುದಿಲ್ಲ. ಚರ್ಚಿನ ಲೈಬ್ರರಿಯನ್ನೇ ದೊಡ್ಡದು ಮಾಡಬಹುದಿತ್ತಲ್ಲ ಅಂತ ಕೇಳಬಹುದು. ಮಾಡಲಿಲ್ಲ. ನಂಬಿಕೆಯ ಕಾರಣಕ್ಕೆ ಕೆಲಸ ಕಳೆದುಕೊಂಡ ಮನುಷ್ಯನಿಗೆ, ಪುಸ್ತಕದ ಬೀಗ ಯಾವ ಪಂಥದ ಕೈಯಲ್ಲೂ ಇರಬಾರದು ಅನ್ನಿಸಿರಬೇಕು. ಇದು ನನ್ನ ಊಹೆ.

1833ರ ಏಪ್ರಿಲ್ 9ರಂದು ಊರ ಸಭೆ ಸೇರಿತು. ಲಿಟರರಿ ಫಂಡಿನಿಂದ ಬಂದ ಪಾಲಿನಲ್ಲಿ ಒಂದು ಭಾಗವನ್ನು ಊರಿನ ಲೈಬ್ರರಿಗೆ ಪುಸ್ತಕ ಕೊಳ್ಳಲು ಇಡುವುದು, ಉಳಿದದ್ದು ಶಾಲೆಗಳಿಗೆ ಅಂತ ತೀರ್ಮಾನವಾಯಿತು. ಶಾಲೆಯ ಹಣವನ್ನು ಪೂರ್ತಿ ಕಿತ್ತುಕೊಳ್ಳಲಿಲ್ಲ ಅನ್ನುವುದನ್ನು ಗಮನಿಸಿ. ಕಿತ್ತುಕೊಳ್ಳಲು ಹೋಗಿದ್ದರೆ ಸಭೆ ಒಪ್ಪುತ್ತಿತ್ತೇ ಅಂತ ನನಗೆ ಅನುಮಾನ.

ಲೈಬ್ರರಿಗೆ ಕಟ್ಟಡ ಇಲ್ಲ, ನೌಕರ ಇಲ್ಲ. ಪುಸ್ತಕಗಳನ್ನು ಊರಿನ ಸ್ಮಿತ್ ಅಂಡ್ ಥಾಂಪ್ಸನ್ ಅಂಗಡಿಯಲ್ಲಿ ಇಟ್ಟರು. ಪೋಸ್ಟಾಫೀಸು ಅದೇ ಅಂಗಡಿಯಲ್ಲಿತ್ತು. ಪೋಸ್ಟ್‌ಮಾಸ್ಟರೇ ಲೈಬ್ರೇರಿಯನ್. ಆ ಕಾಲದ ಅಂಥ ಅಂಗಡಿಗಳಲ್ಲಿ ಮೊಳೆ, ಬಟ್ಟೆ, ಕಾಕಂಬಿ, ಚಹಾ ಎಲ್ಲ ಒಂದೇ ಸೂರಿನಡಿ ಸಿಗುತ್ತಿತ್ತು. ಪೇಟೆಗೆ ಬಂದ ರೈತ ಕಾಗದ ಬಂದಿದೆಯಾ ಅಂತ ಕೇಳಲು ಹೇಗೂ ಅಲ್ಲಿಗೆ ಬರಲೇಬೇಕು. ಪುಸ್ತಕಕ್ಕೆ ಅಂತ ಬೇರೆ ದಾರಿ ಸವೆಸಬೇಕಿಲ್ಲ. ಬಡತನದಿಂದ ಮಾಡಿಕೊಂಡ ಏರ್ಪಾಡು ಅದು, ಆದರೆ ಇವತ್ತು ಊರ ಹೊರಗೆ ಬಸ್ ಸ್ಟಾಪಿಲ್ಲದ ಕಡೆ ಲೈಬ್ರರಿ ಕಟ್ಟುವ ಎಂಜಿನಿಯರುಗಳಿಗೆ ಅದರಲ್ಲಿ ಕಲಿಯುವುದಿದೆ.

ಮೊದಲು ಯಾರು ಅನ್ನುವ ತಕರಾರು

ಪೀಟರ್‌ಬರೋದ ಹೆಗ್ಗಳಿಕೆಯನ್ನು ಒಪ್ಪದ ಊರುಗಳೂ ಇವೆ. ಅವುಗಳಲ್ಲಿ ಎರಡನ್ನು ಪಕ್ಕಕ್ಕಿಟ್ಟು ನೋಡಿದರೆ ಈ ಪ್ರಕರಣ ಇನ್ನೂ ಸ್ಪಷ್ಟವಾಗುತ್ತದೆ.

ಮೊದಲನೆಯದು ಮ್ಯಾಸಚೂಸೆಟ್ಸ್‌ನ ಫ್ರಾಂಕ್ಲಿನ್. 1778ರಲ್ಲಿ ಹೊಸ ಊರಾದಾಗ ಬೆಂಜಮಿನ್ ಫ್ರಾಂಕ್ಲಿನ್ ಅವರ ಹೆಸರನ್ನೇ ಇಟ್ಟುಕೊಂಡರು. ಹೆಸರು ಇಟ್ಟುಕೊಂಡ ಮೇಲೆ ಏನಾದರೂ ಕೊಡುತ್ತಾರಲ್ಲ ಅಂತ ಚರ್ಚಿಗೆ ಒಂದು ಗಂಟೆ ಕೇಳಿದರು. ಅವರು ಗಂಟೆಯ ಬದಲು ಪುಸ್ತಕ ಕಳಿಸಿದರು, 116 ಸಂಪುಟ. ಈ ಪುಸ್ತಕ ಯಾರು ಓದಬೇಕು ಅಂತ ಊರಲ್ಲಿ ಜಗಳವಾಯಿತು. ಚರ್ಚಿಗೆ ಸೇರಿದವರಿಗೆ ಮಾತ್ರವೋ, ಎಲ್ಲರಿಗೂನೋ? 1790ರಲ್ಲಿ ಊರ ಸಭೆ ಎಲ್ಲರಿಗೂ ಅಂದಿತು. ಆ ಪುಸ್ತಕಗಳು ಈಗಲೂ ಅಲ್ಲಿನ ಲೈಬ್ರರಿಯಲ್ಲಿವೆ. ದೊಡ್ಡ ಮನುಷ್ಯರ ಉಡುಗೊರೆ, ಆದರೆ ಒಂದೇ ಸಲದ ಉಡುಗೊರೆ.

ಎರಡನೆಯದು ಕನೆಕ್ಟಿಕಟ್‌ನ ಸಾಲ್ಸ್‌ಬರಿ. ಆ ಊರಿನವರೇ ಆದ ಬಾಸ್ಟನ್ನಿನ ಪುಸ್ತಕ ವ್ಯಾಪಾರಿ ಕೇಲೆಬ್ ಬಿಂಗಮ್ 1803ರಲ್ಲಿ 150 ಪುಸ್ತಕ ಕೊಟ್ಟರು. ಒಂಬತ್ತರಿಂದ ಹದಿನಾರು ವರ್ಷದ ಮಕ್ಕಳಿಗೆ ಅಂತ. 1810ರಲ್ಲಿ ಊರ ಸಭೆ ಹೊಸ ಪುಸ್ತಕಕ್ಕೆ 100 ಡಾಲರ್ ಕೊಟ್ಟಿತು. ಊರಿನ ಬೊಕ್ಕಸದಿಂದ ಲೈಬ್ರರಿಗೆ ಹಣ ಹೋದದ್ದಕ್ಕೆ ಇದು ಪೀಟರ್‌ಬರೋಗಿಂತ ಹಳೆಯ ಉದಾಹರಣೆ. ಆದರೆ ಮಕ್ಕಳಿಗೆ ಮಾತ್ರ, ಅದೂ ಮನಸ್ಸು ಬಂದಾಗ.

ಪೀಟರ್‌ಬರೋದಲ್ಲಿ ದೊಡ್ಡ ದಾನಿ ಯಾರೂ ಇರಲಿಲ್ಲ. ಇದು ಕೊರತೆ ಅಂತ ಕಾಣುತ್ತದೆ, ನನಗೆ ಅದೃಷ್ಟ ಅನ್ನಿಸುತ್ತದೆ. ದಾನಿ ಇದ್ದಿದ್ದರೆ ಊರ ಸಭೆ ವಂದನಾರ್ಪಣೆ ಮಾಡಿ ಎದ್ದು ಹೋಗುತ್ತಿತ್ತು. ದಾನಿ ಇಲ್ಲದ್ದರಿಂದ ಬಾಬ್ತು ಊರಿನ ಲೆಕ್ಕದ ಪುಸ್ತಕಕ್ಕೆ ಸೇರಿತು. ಒಮ್ಮೆ ಲೆಕ್ಕದಲ್ಲಿ ಸೇರಿದ ಬಾಬ್ತನ್ನು ತೆಗೆಯುವುದು ಎಷ್ಟು ಕಷ್ಟ ಅಂತ ಆಫೀಸಿನಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ.

ಒಂದು ತಕರಾರು ಮಾತ್ರ ಒಪ್ಪಲೇಬೇಕು. 1833ರ ಹಣ ಊರಿನವರ ಮನೆ ಕಂದಾಯದ್ದಲ್ಲ, ರಾಜ್ಯ ವಸೂಲಿ ಮಾಡಿದ ಬ್ಯಾಂಕ್ ತೆರಿಗೆಯ ಪಾಲು. ಪಾರ್ಟಿ ಕೊಟ್ಟದ್ದು ಹೌದು, ಬಿಲ್ಲು ಬೇರೆಯವರದ್ದು. ಊರುಗಳು ತಮ್ಮ ಸ್ವಂತ ತೆರಿಗೆಯಿಂದ ಲೈಬ್ರರಿ ನಡೆಸಬಹುದು ಅಂತ ನ್ಯೂ ಹ್ಯಾಂಪ್‌ಶೈರ್ ಕಾಯ್ದೆ ಮಾಡಿದ್ದು 1849ರಲ್ಲಿ. ಎಲ್ಲ ಊರುಗಳಿಗೂ ಅಂಥ ಅಧಿಕಾರ ಕೊಟ್ಟ ಮೊದಲ ರಾಜ್ಯ ಅದು. ಬ್ರಿಟನ್ನಿನ ಕಾಯ್ದೆ ಬಂದದ್ದು ಮರುವರ್ಷ. ಬಾಸ್ಟನ್ನಿನ ದೊಡ್ಡ ಸಾರ್ವಜನಿಕ ಲೈಬ್ರರಿ ಬಾಗಿಲು ತೆರೆದದ್ದು 1854ರಲ್ಲಿ. ಅಬಟ್ 1859ರವರೆಗೆ ಬದುಕಿದ್ದರು. ಇವೆಲ್ಲ ಅವರ ಕಣ್ಣ ಮುಂದೆಯೇ ಆದವು. ತೀರಿಕೊಂಡಾಗ ವಯಸ್ಸು 93.

ಸೇತುವೆ ಕಟ್ಟುವವರು ಕಟ್ಟಿದ ಲೈಬ್ರರಿ

ಅರವತ್ತು ವರ್ಷ ಈ ಲೈಬ್ರರಿಗೆ ಸ್ವಂತ ಸೂರಿರಲಿಲ್ಲ. ಅಂದರೆ ನಾವು ಮೊದಲು ಮಾಡುವ ಕೆಲಸವನ್ನು ಅವರು ಕೊನೆಗೆ ಮಾಡಿದರು. ನಮ್ಮಲ್ಲಿ ಕಟ್ಟಡ ಮೊದಲು, ಅದಕ್ಕೊಂದು ಕಲ್ಲು, ಕಲ್ಲಿನ ಮೇಲೆ ಹೆಸರು. ಪುಸ್ತಕ ಆಮೇಲೆ. ಲೈಬ್ರೇರಿಯನ್ ಹುದ್ದೆ ತುಂಬುವುದು ದೇವರಿಗೆ ಬಿಟ್ಟದ್ದು.

1893ರ ಇಟ್ಟಿಗೆಯ ಕಟ್ಟಡಕ್ಕೆ ನಕ್ಷೆ ಹಾಕಿದವರು ಜಾರ್ಜ್ ಮಾರಿಸನ್. ಓದಿದ್ದು ಹಾರ್ವರ್ಡಿನಲ್ಲಿ ಕಾನೂನು. ವಕೀಲಿಕೆ ಬಿಟ್ಟು ಸೇತುವೆ ಕಟ್ಟಲು ಹೋದರು. ಮಿಸ್ಸೂರಿ, ಮಿಸಿಸಿಪಿಯಂಥ ಭಾರಿ ನದಿಗಳ ಮೇಲೆ ರೈಲು ಸೇತುವೆ ಕಟ್ಟಿ ಹೆಸರು ಮಾಡಿದರು. ಮೆಂಫಿಸ್ ಊರಿನ ಹತ್ತಿರ ಮಿಸಿಸಿಪಿ ದಾಟುವ ಅವರ ಸೇತುವೆ 1892ರಲ್ಲಿ ಮುಗಿಯಿತು, ಮಾರನೆಯ ವರ್ಷ ಈ ಲೈಬ್ರರಿ. ಅವರ ತಂದೆ ಪೀಟರ್‌ಬರೋ ಮೂಲದವರು. ಊರಿನ ಕಡೆಯವರು ದೊಡ್ಡವರಾದ ಮೇಲೆ ದೇವಸ್ಥಾನಕ್ಕೆ ಗೋಪುರ ಕಟ್ಟಿಸುವುದನ್ನು ನಾವು ಕಂಡಿದ್ದೇವಲ್ಲ, ಅದೇ ಮನಸ್ಸು. ವ್ಯತ್ಯಾಸ ಅಂದರೆ, ದಾನಿಗಳು ಬಂದಾಗ ಲೈಬ್ರರಿ ಆಗಲೇ ಅರವತ್ತು ವರ್ಷ ಹಳೆಯದು. ಗೋಡೆ ಕೊಟ್ಟರು, ಒಳಗಿನ ದಿನನಿತ್ಯದ ಖರ್ಚು ಊರಿನದ್ದೇ ಆಗಿ ಉಳಿಯಿತು.

ಬೆಂಬಲಿಗರ ಪಾತ್ರ ಇಲ್ಲಿ ಮುಗಿಯಲಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಹಳೆಯ ಕಟ್ಟಡಕ್ಕೆ ಹೊಸ ಭಾಗಗಳನ್ನು ಜೋಡಿಸಿದ್ದರು. ಅವು ಹಳತಾದವು, ಜಾಗ ಸಾಲದಾಯಿತು. ಆಗ "1833 ಸೊಸೈಟಿ" ಅನ್ನುವ ಸಂಸ್ಥೆ ಖಾಸಗಿ ದೇಣಿಗೆ ಎತ್ತುವ ಕೆಲಸ ಹಿಡಿಯಿತು. ಹೆಸರಿನಲ್ಲೇ ಆ ಏಪ್ರಿಲ್ ತಿಂಗಳ ನೆನಪು. ಆದರೆ ಅವರು ಎತ್ತಿದ್ದು ಒಂದು ಪಾಲು ಮಾತ್ರ. ಇನ್ನೊಂದು ಪಾಲಿಗೆ ಊರೇ ಸಾಲ ಎತ್ತಬೇಕು, ಅದಕ್ಕೆ ಮತದಾರರು ಒಪ್ಪಬೇಕು. ಒಪ್ಪಿದರು. ಜೋಡಿಸಿದ ಭಾಗಗಳನ್ನು ಕೆಡವಿ, 1893ರ ಮಾರಿಸನ್ ಕಟ್ಟಡವನ್ನು ಉಳಿಸಿಕೊಂಡು, ಪಕ್ಕಕ್ಕೆ ಹೊಸದು ಕಟ್ಟಿದರು. 2021ರಲ್ಲಿ ಬಾಗಿಲು ತೆರೆಯಿತು.

ಇನ್ನೊಂದು ವ್ಯವಸ್ಥೆ ನನಗೆ ಬಹಳ ಹಿಡಿಸಿತು. ಆ ರಾಜ್ಯದಲ್ಲಿ ಲೈಬ್ರರಿಗೆ ಟ್ರಸ್ಟಿಗಳು ಇರುತ್ತಾರೆ, ಅವರನ್ನು ಊರಿನವರೇ ಚುನಾಯಿಸುತ್ತಾರೆ. ಲೈಬ್ರರಿಗೆ ಅಂತ ಒಮ್ಮೆ ಮಂಜೂರಾದ ಹಣ ಈ ಟ್ರಸ್ಟಿಗಳ ಕೈಗೆ ಹೋಗುತ್ತದೆ. ಅದನ್ನು ಚರಂಡಿಗೋ ಬೀದಿ ದೀಪಕ್ಕೋ ತಿರುಗಿಸಲು ಊರಿನ ಬೇರೆ ಆಡಳಿತಗಾರರಿಗೆ ಬರುವುದಿಲ್ಲ. ನಮ್ಮಲ್ಲಿ ಕರ ವಸೂಲಾಗುವುದು ನಗರಸಭೆಯಲ್ಲೋ ಪಂಚಾಯ್ತಿಯಲ್ಲೋ, ಖರ್ಚಾಗಬೇಕಾದದ್ದು ಲೈಬ್ರರಿಯಲ್ಲಿ. ವಸೂಲಾದದ್ದು ಪೂರ್ತಿ ದಾಟಿ ಬರುವುದಿಲ್ಲ ಅನ್ನುವ ದೂರು ತುಂಬ ಹಳೆಯದು. ಕರ ಇದೆ, ಕಾಯ್ದೆ ಇದೆ, ನಡುವೆ ಒಂದು ತೂತು ಇದೆ. ಆ ತೂತನ್ನು ಕಾಯುತ್ತಾ ಕೂರುವ ಚುನಾಯಿತ ಮನುಷ್ಯ ನಮ್ಮಲ್ಲಿಲ್ಲ.

ನಮ್ಮ ಕಡೆಗೆ ಬಂದದ್ದು

ಅಮೆರಿಕದ ಈ ವಿಚಾರ ಭಾರತಕ್ಕೆ ಬಂದ ಒಂದು ದಾರಿ ಬರೋಡಾ. ಮಹಾರಾಜ ಸಯಾಜಿರಾವ್ ಗಾಯಕವಾಡ್ ಅಮೆರಿಕ ಸುತ್ತಿ ಅಲ್ಲಿನ ಸಾರ್ವಜನಿಕ ಲೈಬ್ರರಿಗಳನ್ನು ಮೆಚ್ಚಿದರು. 1910ರಲ್ಲಿ ಕನೆಕ್ಟಿಕಟ್‌ನಿಂದ ವಿಲಿಯಂ ಬೋರ್ಡನ್ ಅನ್ನುವ ಲೈಬ್ರೇರಿಯನ್ನರನ್ನು ಕರೆಸಿ, ಸಂಸ್ಥಾನದ ಊರೂರಿಗೆ ಉಚಿತ ಲೈಬ್ರರಿ ಮಾಡಿಸಿದರು. ಅದಾದ ಕೆಲವೇ ವರ್ಷಕ್ಕೆ ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ ಬೆಂಗಳೂರಿನಲ್ಲಿ ಸಾರ್ವಜನಿಕ ಲೈಬ್ರರಿ ಶುರುವಾಯಿತು. ಕಬ್ಬನ್ ಪಾರ್ಕಿನ ಆ ಕೆಂಪು ಶೇಷಾದ್ರಿ ಅಯ್ಯರ್ ಹಾಲಿನಲ್ಲಿ ಕೂತು ಪೇಪರ್ ಓದಿದವರು ಸಾಕಷ್ಟು ಜನ. ಆದರೆ ಬರೋಡಾದಲ್ಲಿ ರಾಜರು, ಮೈಸೂರಿನಲ್ಲಿ ದಿವಾನರು. ಮೇಲಿಂದ ಬಂದದ್ದು. ಊರಿನವರು ಕೈ ಎತ್ತಿ ನಮಗೆ ಬೇಕು ಅಂದದ್ದಲ್ಲ.

ಕೌಂಟರಿನ ಮುಂದಿನ ಹಿರಿಯರಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ಹೇಳಿದ್ದು ಒಂದೇ. ನೀವು ಹೋಗದಿದ್ದರೂ ಮೊಮ್ಮಗಳು ಪರೀಕ್ಷೆಗೆ ಓದಲು ಹೋಗಬಹುದಲ್ಲ ಅಂದೆ. "ಅವಳು ದಿನಾ ಹೋಗ್ತಾಳೆ, ಅಲ್ಲಿ ಫ್ಯಾನು ಕೆಟ್ಟು ಎರಡು ತಿಂಗಳಾಯ್ತಂತೆ. ಯಾರನ್ನ ಕೇಳ್ಬೇಕು?" ಅಂದರು. ನನಗೂ ಗೊತ್ತಿರಲಿಲ್ಲ. ಪೀಟರ್‌ಬರೋದಲ್ಲಾದರೆ ಟ್ರಸ್ಟಿಯ ಮನೆ ಬಾಗಿಲು ತಟ್ಟುತ್ತಿದ್ದರು. ಅಷ್ಟರಲ್ಲಿ ಕೌಂಟರಿನವರು ನನ್ನ ಚಿಲ್ಲರೆ ಕೊಟ್ಟರು, ಹಿರಿಯರು ತಮ್ಮ ರಸೀದಿ ಪುಸ್ತಕ ಮುಂದೆ ಚಾಚಿದರು.